ಮನೆಯಲ್ಲಿ 5 ಅಡಿ ಹವಳದ ಟ್ಯಾಂಕ್: ಮೀನು ತರೋಕೆ ಮುಂಚಿನ ಕೆಲಸಗಳು

ಹವಳದ ಟ್ಯಾಂಕ್ ಇಡಬೇಕು ಅಂತ ಆಸೆಪಡುವವರು ಮೊದಲು ಕೇಳೋದೇ ಯಾವ ಯಾವ ಮೀನು ಬಿಡಬಹುದು ಅಂತ. ಇಲ್ಲಿ ಮೀನಿನ ವಿಷಯ ಕೊನೆಗೆ ಬರುತ್ತದೆ, ಅದೂ ನಾಲ್ಕು ಸಾಲು. 600 ಲೀಟರ್ ಉಪ್ಪುನೀರನ್ನು ಮನೆಯೊಳಗೆ ಇಟ್ಟುಕೊಳ್ಳೋದು ಅಂದ್ರೆ ಅದು ನೆಲ, ನೀರು, ಕರೆಂಟು ಈ ಮೂರರ ಕೆಲಸ. ಮೀನು ಅದಕ್ಕೆ ಹಾಕುವ ಒಗ್ಗರಣೆ ಅಷ್ಟೇ.

ನಾನು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಟ್ಟಿದ್ದೇನೆ. ಕೆಳಗಿನ ಲೆಕ್ಕವೆಲ್ಲ ಆ ಅಳತೆಯದ್ದು. ಚಿಕ್ಕದರಿಂದ ಶುರು ಮಾಡೋಣ ಅಂತ ನಿಮಗೆ ಅನ್ನಿಸಬಹುದು. ಸಿಹಿನೀರಿನ ಟ್ಯಾಂಕಿಗೆ ಅದು ಸರಿ. ಇಲ್ಲಿ ಉಲ್ಟಾ. 50 ಲೀಟರಿನ ಟ್ಯಾಂಕಿನಲ್ಲಿ ಒಂದು ಮೀನು ಸತ್ತು ಕಲ್ಲಿನ ಸಂದಿಯಲ್ಲಿ ಕೊಳೆತರೆ ಬೆಳಗಾಗೋದರೊಳಗೆ ಉಳಿದದ್ದೂ ಹೋಗಬಹುದು, 600 ಲೀಟರಿನಲ್ಲಿ ನಿಮಗೆ ಒಂದೆರಡು ದಿನ ಟೈಮ್ ಸಿಗುತ್ತದೆ.

ಮೊದಲು ಕಾನೂನು

ಇದನ್ನು ಯಾರೂ ಮೊದಲು ಹೇಳೋದಿಲ್ಲ, ಅದಕ್ಕೇ ಇಲ್ಲಿ ಮೊದಲು ಇಟ್ಟಿದ್ದೇನೆ. ವಿದೇಶದ ವಿಡಿಯೋಗಳಲ್ಲಿ ಕೊಂಬೆ ಕೊಂಬೆಯಾಗಿ ಬೆಳೆದ ಗಟ್ಟಿ ಹವಳ ತೋರಿಸುತ್ತಾರಲ್ಲ, ಅಕ್ರೋಪೊರಾ ಅಂತ, ಅದನ್ನು ನೋಡಿ ಇಲ್ಲಿ ಪ್ಲಾನ್ ಮಾಡಬೇಡಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಕಲ್ಲಿನ ಅಸ್ಥಿಪಂಜರ ಕಟ್ಟುವ ಎಲ್ಲ ಗಟ್ಟಿ ಹವಳಗಳೂ ಇವೆ. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತೆ ಬೆಳೆಯುವ ಸೀ ಫ್ಯಾನ್, ಕಡಲ್ಗುದುರೆ ಎಲ್ಲ ಅದೇ ಪಟ್ಟಿ. ಹುಲಿ ಇರುವ ಪಟ್ಟಿ ಅದು. ಅಂಗಡಿಯವನು "ಏನೂ ಆಗಲ್ಲ ಸಾರ್, ಎಲ್ರೂ ಇಟ್ಕೊಂಡಿದಾರೆ" ಅಂತಾನೆ. ಕೇಸ್ ಆದರೆ ಕೋರ್ಟಿಗೆ ಅಲೆಯೋದು ನೀವು.

ಹಾಗಾದ್ರೆ ಏನಿಡೋದು? ಮೆದು ಹವಳ. ಲೆದರ್ ಹವಳ, ಅಣಬೆ ಹವಳ, ಝೋಆಂಥಿಡ್, ಕ್ಸೀನಿಯಾ, ಹಸಿರು ಹುಲ್ಲುಹಾಸಿನಂತೆ ಹಬ್ಬುವ ಸ್ಟಾರ್ ಪಾಲಿಪ್. ಇವು ನೀರಲ್ಲಿ ತೂಗಾಡುತ್ತವೆ, ಬೇಗ ಬೆಳೆಯುತ್ತವೆ, ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ನನ್ನ ಕೇಳಿದರೆ ನೋಡೋಕೂ ಗಟ್ಟಿ ಹವಳಕ್ಕಿಂತ ಇವೇ ಚಂದ. ಏನೇ ಕೊಂಡರೂ ಜಾತಿಯ ಹೆಸರು ಬರೆದ ಬಿಲ್ ಕೇಳಿ, ಆಮದು ಆಗಿದ್ದರೆ ಅದರ ಕಾಗದವನ್ನೂ ಕೇಳಿ. 2022ರ ತಿದ್ದುಪಡಿಯ ನಂತರ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅನುಮಾನ ಬಂದರೆ ದುಡ್ಡು ಕೊಡೋಕೆ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹಾಗೇ ಇನ್ನೊಂದು ಮಾತು. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಡೈವಿಂಗ್ ಹೋಗಿಬಂದ ಎಷ್ಟೋ ಜನರಿಗೆ ಈ ಹುಚ್ಚು ಅಲ್ಲೇ ಹತ್ತೋದು. ಹತ್ತಲಿ, ತಪ್ಪೇನಿಲ್ಲ. ಅಲ್ಲಿಂದ ಒಂದು ಚೂರು ಹವಳದ ಕಲ್ಲೂ ಚೀಲದಲ್ಲಿ ಬರಬಾರದು.

ನೆಲ ಹೊರುತ್ತದಾ?

ಲೆಕ್ಕ ಹಾಕೋಣ. ಮೇಲಿನ ಟ್ಯಾಂಕಿನ ನೀರು 480 ಲೀಟರ್, ಉಪ್ಪುನೀರಾದ್ದರಿಂದ 490 ಕೆ.ಜಿ. ಗಾಜು 110ರಿಂದ 130 ಕೆ.ಜಿ. ಕಲ್ಲು, ಮರಳು ಸೇರಿ 90. ಕಬ್ಬಿಣದ ಸ್ಟ್ಯಾಂಡ್, ಕೆಳಗಿನ ಸಂಪ್ (ನೀರು ಸೋಸುವ ಎರಡನೇ ಪೆಟ್ಟಿಗೆ), ಅದರ 120 ಲೀಟರ್ ನೀರು ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ 1 ಟನ್. ಇಷ್ಟೂ ಭಾರ 1 ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ ಕೂರುತ್ತದೆ. ನಮ್ಮಲ್ಲಿ ವಾಸದ ಮನೆಗಳ ಕೋಣೆಗೆ ಐಎಸ್ 875 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಲೆಕ್ಕ ಹಿಡಿಯೋ ಓಡಾಟದ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಅಂದ್ರೆ ತಕ್ಷಣ ಸ್ಲ್ಯಾಬ್ ಕುಸಿಯುತ್ತದೆ ಅಂತಲ್ಲ, ಕೋಣೆಯ ನಡುವೆ ಸುಮ್ನೆ ತಂದು ಇಡೋ ವಸ್ತು ಇದಲ್ಲ ಅಂತ. ಅಡಿಯಲ್ಲಿ ಬೀಮ್ ಇರುವ ಗೋಡೆಗೆ ಒತ್ತಿ, ಬೀಮಿನ ಉದ್ದಕ್ಕೆ ಅಥವಾ ಬೀಮುಗಳಿಗೆ ಅಡ್ಡವಾಗಿ ಇಡಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಕಟ್ಟಡದ ನಕ್ಷೆ ತೋರಿಸಿ ಕೇಳಿ. ಅವರ ಫೀಸು ಒಂದು ಒಳ್ಳೆ ಪಂಪಿನ ಬೆಲೆಗಿಂತ ಜಾಸ್ತಿ ಆಗಲ್ಲ. ನೆಲಮಹಡಿಯಲ್ಲಿ ಮನೆ ಇದ್ದರೆ ನೀವು ಪುಣ್ಯವಂತರು.

ಜಾಗ ಆರಿಸುವಾಗ ಪಶ್ಚಿಮದ ಕಿಟಕಿ ಬೇಡ. ಮಧ್ಯಾಹ್ನದ ಬಿಸಿಲು ನೀರು ಕಾಯಿಸುತ್ತದೆ, ಪಾಚಿಯನ್ನೂ ಬೆಳೆಸುತ್ತದೆ. ದೇವರಮನೆ, ಅಡುಗೆಮನೆ ಪಕ್ಕವೂ ಬೇಡ, ಧೂಪದ ಹೊಗೆ, ಎಣ್ಣೆಯ ಹೊಗೆ ಎರಡೂ ನೀರಿನ ಮೇಲೆ ಪೊರೆ ಕಟ್ಟುತ್ತವೆ. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ, ಸೀಗಡಿಗಳು ಮೊದಲು ಸಾಯುತ್ತವೆ. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಟ್ಯಾಂಕಿನ ಗಾಜಿಗೆ ಫಿನಾಯಿಲ್ ಬಟ್ಟೆ ಮುಟ್ಟಿಸಬೇಡಿ ಅಂತ ಮೊದಲ ದಿನವೇ ಹೇಳಿಬಿಡಿ.

ಗಾಜು ಮತ್ತು ಸ್ಟ್ಯಾಂಡ್

ಮೇಲ್ಗಡೆ ಸುತ್ತ ಗಾಜಿನ ಪಟ್ಟಿ ಅಂಟಿಸುವುದಾದರೆ 12 ಮಿ.ಮೀ. ಗಾಜು ನಡೆಯುತ್ತದೆ. ಪಟ್ಟಿ ಬೇಡ, ನೋಡೋಕೆ ಖಾಲಿ ಖಾಲಿ ಇರಬೇಕು ಅಂದ್ರೆ 15 ಮಿ.ಮೀ. ಬಾತ್‌ರೂಮಿಗೆ ಹಚ್ಚುವ, ಬೂಷ್ಟು ಹಿಡಿಯದ ಸಿಲಿಕಾನ್ ಬೇಡ, ಅದರಲ್ಲಿ ವಿಷ ಇರುತ್ತದೆ. ಸ್ಟ್ಯಾಂಡನ್ನು 2 ಇಂಚಿನ ಚೌಕ ಎಂಎಸ್ ಪೈಪಿನಲ್ಲಿ ವೆಲ್ಡಿಂಗ್ ಮಾಡಿಸಿ, ಎಪಾಕ್ಸಿ ಪೇಂಟ್ ಎರಡು ಕೋಟ್ ಹೊಡೆಸಿ. ಉಪ್ಪುನೀರಿನ ತುಂತುರು ತಾಗಿದ ಕಬ್ಬಿಣ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಸ್ಟ್ಯಾಂಡಿನ ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಶೀಟು, ಆಮೇಲೆ ಟ್ಯಾಂಕ್. ರಸಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿ. ನಂತರ ಸಾದಾ ನೀರು ತುಂಬಿ ಒಂದು ವಾರ ಹಾಗೇ ಬಿಡಿ. ಸೋರಿದರೆ ಈಗಲೇ ಸೋರಲಿ.

ಸಂಪ್, ಮತ್ತು ಕೆಳಮನೆಯ ಆಂಟಿ

ಸಂಪ್ ಅಂದ ಕೂಡಲೇ ಬೆಂಗಳೂರಿನವರಿಗೆ ಗೇಟಿನ ಹತ್ತಿರ ನೆಲದೊಳಗಿನ ನೀರಿನ ತೊಟ್ಟಿ ನೆನಪಾಗುತ್ತದೆ. ಇದು ಬೇರೆ. ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಎರಡನೇ ಗಾಜಿನ ಪೆಟ್ಟಿಗೆ ಇದು. ಮೇಲಿನ ಟ್ಯಾಂಕಿನ ನೀರು ಅಂಚಿನಿಂದ ಉಕ್ಕಿ ಪೈಪಿನಲ್ಲಿ ಕೆಳಗಿಳಿಯುತ್ತದೆ, ಸಂಪ್‌ನಲ್ಲಿ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್ ಎಲ್ಲ ಅಲ್ಲೇ ಅಡಗಿ ಕೂರುತ್ತವೆ.

ಇಲ್ಲೇ ನಾನು ಎಡವಿದ್ದು. ಮೊದಲ ಟ್ಯಾಂಕಿನಲ್ಲಿ ಸಂಪ್ ತುಂಬ ನೀರು ಇಟ್ಟಿದ್ದೆ, ಜಾಸ್ತಿ ನೀರಿದ್ದರೆ ಒಳ್ಳೇದು ಅಲ್ವಾ ಅಂತ. ಒಂದು ರಾತ್ರಿ ಕರೆಂಟು ಹೋಯಿತು. ಪಂಪು ನಿಂತಿತು. ನೀರು ಮೇಲಕ್ಕೆ ತರುವ ಪೈಪಿನ ಬಾಯಿ ಟ್ಯಾಂಕಿನ ನೀರಿನಲ್ಲಿ ಎರಡು ಇಂಚು ಮುಳುಗಿತ್ತು. ಪಂಪು ನಿಂತ ಕೂಡಲೇ ಆ ಪೈಪು ಉಲ್ಟಾ ಎಳೆಯೋಕೆ ಶುರು ಮಾಡಿತು. ಈ ಅಳತೆಯ ಟ್ಯಾಂಕಿನಲ್ಲಿ 1 ಇಂಚು ನೀರು ಅಂದ್ರೆ 23 ಲೀಟರಿಗೂ ಜಾಸ್ತಿ. ಎರಡು ಇಂಚು ನೀರು ಕೆಳಗಿಳಿದು, ಸಂಪ್ ತುಂಬಿ, ಹಾಲಿನಲ್ಲೆಲ್ಲ ಹರಿದು, ಬೆಳಿಗ್ಗೆ 6 ಗಂಟೆಗೆ ಕೆಳಮನೆಯ ಆಂಟಿ ಬಾಗಿಲು ಬಡಿದರು. "ನಿಮ್ಮ ಮನೇಲಿ ಏನು ಸಮುದ್ರ ಇಟ್ಟಿದ್ದೀರಾ?" ಅಂದರು. ಅವರ ಸೀಲಿಂಗಿನಿಂದ ತೊಟ್ಟಿಕ್ಕಿದ್ದನ್ನು ಬೆರಳಲ್ಲಿ ಮುಟ್ಟಿ ರುಚಿ ನೋಡಿಯೇ ಬಂದಿದ್ದರು. ಅವರ ಸೀಲಿಂಗಿಗೆ ಬಣ್ಣ ಬಳಿಸಿಕೊಟ್ಟೆ.

ಆದ್ದರಿಂದ ಹೀಗೆ ಮಾಡಿ. ವಾಪಸ್ ಪೈಪಿನ ಬಾಯಿ ನೀರಿನ ಮಟ್ಟದ ಹತ್ತಿರವೇ ಇರಲಿ, ಅರ್ಧ ಇಂಚಿಗಿಂತ ಜಾಸ್ತಿ ಮುಳುಗದಿರಲಿ. ಮಟ್ಟದ ಸ್ವಲ್ಪ ಕೆಳಗೆ ಪೈಪಿನಲ್ಲಿ ಗಾಳಿ ಎಳೆಯೋಕೆ ಸಣ್ಣ ತೂತು ಹಾಕಬಹುದು, ಆದರೆ ಅದನ್ನೇ ನಂಬಬೇಡಿ, ಬಸವನಹುಳು ಬಂದು ಅದರ ಮೇಲೆ ಕೂತರೆ ಕಥೆ ಮುಗಿಯಿತು. ನಂಬೋದು ಸಂಪ್‌ನ ಖಾಲಿ ಜಾಗವನ್ನು ಮಾತ್ರ. ನೀರು ತುಂಬಿಸಿದ ದಿನವೇ ಪಂಪ್ ಆಫ್ ಮಾಡಿ, ನೀರು ಎಲ್ಲಿವರೆಗೆ ಏರಿ ನಿಲ್ಲುತ್ತದೆ ನೋಡಿ. ಮೇಲೆ ಇನ್ನೂ ಎರಡು ಇಂಚು ಉಳಿಯಬೇಕು. ಮತ್ತೆ ಆನ್ ಮಾಡಿದಾಗ ನಿಲ್ಲುವ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಆ ಗೆರೆ ದಾಟಿ ಯಾವತ್ತೂ ನೀರು ತುಂಬಬೇಡಿ. ನನ್ನ ಈಗಿನ ಸಂಪ್‌ನಲ್ಲಿ ಓಡುವ ನೀರು 120 ಲೀಟರ್, ಪೆಟ್ಟಿಗೆ ಅದಕ್ಕಿಂತ ಸಾಕಷ್ಟು ದೊಡ್ಡದು.

ಕೆಳಗಿಳಿಯುವ ಪೈಪು ಮೂರು ಹಾಕಿಸಿ. ಒಂದು ಮುಖ್ಯ, ಗೇಟ್ ವಾಲ್ವ್‌ನಿಂದ ಹದ ಮಾಡುವಂಥದ್ದು. ಇನ್ನೊಂದರಲ್ಲಿ ಸಣ್ಣದಾಗಿ ಹರಿಯುತ್ತಿರುತ್ತದೆ. ಮೂರನೆಯದು ಯಾವಾಗಲೂ ಒಣಗಿರುವ ಆಪದ್ಬಾಂಧವ, ಮೊದಲೆರಡೂ ಕಟ್ಟಿಕೊಂಡ ದಿನ ಮನೆ ಉಳಿಸುತ್ತದೆ. ಪ್ಲಂಬರ್ ಅಭ್ಯಾಸಬಲದಿಂದ ಹಿತ್ತಾಳೆ ವಾಲ್ವ್ ಕೈಗೆತ್ತಿಕೊಂಡರೆ ತಡೆಯಿರಿ. ಹಿತ್ತಾಳೆಯಲ್ಲಿ ತಾಮ್ರ ಇದೆ. ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಎಲ್ಲ ಯುಪಿವಿಸಿಯಲ್ಲೇ ಆಗಬೇಕು.

ಪಂಪಿನ ಡಬ್ಬದ ಮೇಲೆ ಬರೆದಿರುವುದು ಎತ್ತರವಿಲ್ಲದಾಗಿನ ಲೆಕ್ಕ. 5 ಅಡಿ ಮೇಲೇರುವಾಗ ಹರಿವು ಚೆನ್ನಾಗೇ ಇಳಿಯುತ್ತದೆ. ಗಂಟೆಗೆ 2500 ಲೀಟರ್ ನಿಜವಾಗಿ ಬೇಕಾದರೆ 5000 ಬರೆದಿರುವ, ವೇಗ ಕಡಿಮೆ ಮಾಡಬಹುದಾದ ಡಿಸಿ ಪಂಪ್ ತನ್ನಿ. ಸ್ಕಿಮ್ಮರ್ ಕೂಡ ಹಾಗೇ, ನಿಮ್ಮ ನೀರಿನ ಎರಡರಷ್ಟಕ್ಕೆ ಅಂತ ಬರೆದಿರುವುದನ್ನು ತನ್ನಿ. ಅದು ನೊರೆ ಎಬ್ಬಿಸಿ ಕೊಳೆಯನ್ನು ಬಟ್ಟಲಿಗೆ ತಳ್ಳುತ್ತದೆ. ಆ ಬಟ್ಟಲಿನ ವಾಸನೆ ಬಗ್ಗೆ ಬರೆಯೋದು ಬೇಡ.

ನೀರು

ನಲ್ಲಿ ನೀರು ಹಾಕುವಂತಿಲ್ಲ. ಕಾವೇರಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಕರಗಿದ ಉಪ್ಪುಗಳು, ಟ್ಯಾಂಕರ್ ನೀರಿನಲ್ಲಿ ಏನಿದೆಯೋ ಆ ಟ್ಯಾಂಕರ್‌ನವನಿಗೂ ಗೊತ್ತಿಲ್ಲ. ಮನೆಯಲ್ಲಿ ಕುಡಿಯೋಕೆ ಆರ್‌ಓ ಇದೆಯಲ್ಲ ಅನ್ನಬೇಡಿ. ಅದರಲ್ಲಿ ರುಚಿಗೆ ಅಂತ ಸ್ವಲ್ಪ ಲವಣ ಮತ್ತೆ ಬೆರೆಸುತ್ತಾರೆ, ಟಿಡಿಎಸ್ 50ರಿಂದ 100 ಬಂದರೂ ಆಶ್ಚರ್ಯವಿಲ್ಲ. ನಮಗೆ ಬೇಕಿರುವುದು 0. ಅದಕ್ಕೆ ಆರ್‌ಓ ಮುಗಿದ ಮೇಲೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಬೇರೆ ಯೂನಿಟ್ ಬೇಕು, ಕಟ್ಟಡದ ಓವರ್‌ಹೆಡ್ ಟ್ಯಾಂಕಿನಿಂದ ಬರುವ ಒತ್ತಡ ಸಾಲದಿದ್ದರೆ ಬೂಸ್ಟರ್ ಪಂಪೂ ಬೇಕು. ಮೀಟರಿನಲ್ಲಿ 0 ಹೋಗಿ 1, 2 ಅಂತ ತೋರಿಸಲು ಶುರುವಾದರೆ ರೆಸಿನ್ ಬದಲಿಸಿ.

ಆರ್‌ಓ ನೀರು 1 ಲೀಟರ್ ಬಂದರೆ 3 ಲೀಟರ್ ಆಚೆ ಹೋಗುತ್ತದೆ. ಮೊದಲ ಸಲ 600 ಲೀಟರ್ ತುಂಬಿಸುವಾಗ 1800 ಲೀಟರ್ ಆಚೆ ಹೋಗುತ್ತದೆ ಅಂತ ಅರ್ಥ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ ಊರು ಇದು. ಆ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸೋಕೆ, ಫ್ಲಶ್ಶಿಗೆ ಬಳಸಿ. ಬೇಸಿಗೆಯಲ್ಲಿ ಶುರು ಮಾಡದೆ ಮಳೆ ಬಂದ ಮೇಲೆ ಮಾಡಿದರೆ ಇನ್ನೂ ಒಳ್ಳೇದು.

ಉಪ್ಪು ಅಂದ್ರೆ ಅಡುಗೆ ಉಪ್ಪೂ ಅಲ್ಲ, ಕಲ್ಲುಪ್ಪೂ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ರೀಫ್ ಉಪ್ಪು. ಲೀಟರಿಗೆ ಸುಮಾರು 38 ಗ್ರಾಂ, 600 ಲೀಟರಿಗೆ ಹತ್ತಿರ 23 ಕೆ.ಜಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು, ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳ ಸೇರುತ್ತದೆ. ಗುರಿ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು), ಅಂದ್ರೆ 25 ಡಿಗ್ರಿಯಲ್ಲಿ ಸಾಂದ್ರತೆ 1.026. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿಯ ದ್ರಾವಣದಿಂದಲೇ ಸರಿಹೊಂದಿಸಿ. ಸಾದಾ ನೀರಲ್ಲಿ 0 ತೋರಿಸಿತು ಅಂತ 35ರ ಹತ್ತಿರವೂ ಸರಿ ತೋರಿಸುತ್ತದೆ ಅನ್ನೋಕಾಗಲ್ಲ.

ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕ್ಯಾನಿನಲ್ಲಿ ಸಮುದ್ರದ ನೀರೇ ತಂದರೆ ಹೇಗೆ ಅಂತ ಕೇಳುವವರಿದ್ದಾರೆ. ಬೇಡ. ದಡದ ನೀರಿನಲ್ಲಿ ದೋಣಿಯ ಡೀಸೆಲ್, ಊರಿನ ಕೊಳಚೆ ಇರುತ್ತವೆ, ಮಳೆಗಾಲದಲ್ಲಿ ನದಿ ನೀರು ಸೇರಿ ಉಪ್ಪೇ ಕಡಿಮೆ ಆಗಿರುತ್ತದೆ.

ಟ್ಯಾಂಕಿನಿಂದ ದಿನಾ ನೀರು ಆವಿಯಾಗುತ್ತದೆ, ನನ್ನಲ್ಲಿ ಬೇಸಿಗೆಯಲ್ಲಿ ದಿನಕ್ಕೆ 8 ಲೀಟರ್ ತನಕ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಬೇಕಾದದ್ದು ಉಪ್ಪಿಲ್ಲದ ಆರ್‌ಓ ನೀರು. ಹೊಸಬರು ಇಲ್ಲಿ ಉಪ್ಪುನೀರನ್ನೇ ಸುರಿಯುತ್ತಾರೆ. ಕೈಯಲ್ಲಿ ತುಂಬುವ ಬದಲು ಸೆನ್ಸರ್ ಇರುವ ಆಟೋ ಟಾಪ್ ಆಫ್ ಹಾಕಿ, ಪಕ್ಕದಲ್ಲಿ 60 ಲೀಟರಿನ ಡಬ್ಬ ಇಡಿ. ಹಬ್ಬಕ್ಕೆ ಊರಿಗೆ ಹೋದರೂ ಒಂದು ವಾರ ಚಿಂತೆಯಿಲ್ಲ.

ತಂಪು ಮತ್ತು ಕರೆಂಟು

ನೀರು 25ರಿಂದ 26 ಡಿಗ್ರಿಯಲ್ಲಿ ನಿಲ್ಲಬೇಕು. ಬೆಂಗಳೂರಿನಲ್ಲಿ ವರ್ಷದ ಜಾಸ್ತಿ ದಿನ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಸಾಕಾಗುತ್ತದೆ. ಮಾರ್ಚ್‌ನಿಂದ ಮೇ ತನಕ ಚಿಲ್ಲರ್ ಬೇಕೇ ಬೇಕು. ಮಂಗಳೂರು, ಕಾರವಾರದ ಕಡೆಯವರಿಗೆ ಫ್ಯಾನ್ ಕೆಲಸ ಮಾಡೋದು ಕಷ್ಟ, ಗಾಳಿಯಲ್ಲೇ ತೇವ ಇರುವಾಗ ನೀರು ಆವಿಯಾಗೋದಾದರೂ ಎಲ್ಲಿಗೆ? ಅಲ್ಲಿ ಚಿಲ್ಲರ್ ಮೊದಲ ದಿನದಿಂದಲೇ ಲೆಕ್ಕದಲ್ಲಿರಲಿ. ಚಿಲ್ಲರನ್ನು ಸ್ಟ್ಯಾಂಡಿನೊಳಗೆ ತುರುಕಬೇಡಿ, ಅದು ಬಿಸಿಗಾಳಿ ಉಗುಳುತ್ತದೆ, ಅದೇ ಬಿಸಿಯನ್ನು ಮತ್ತೆ ತಾನೇ ತಣಿಸುತ್ತಾ ಕೂರುತ್ತದೆ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಇಟ್ಟು ಪೈಪ್ ಎಳೆಯಿರಿ. ಡಿಸೆಂಬರ್ ರಾತ್ರಿಗಳಿಗೆ 300 ವ್ಯಾಟಿನ ಹೀಟರ್, ಅದಕ್ಕೆ ಬೇರೆ ಕಂಟ್ರೋಲರ್.

ಕರೆಂಟ್ ಬಿಲ್: ಪಂಪು, ಅಲೆಯ ಪಂಪುಗಳು, ಸ್ಕಿಮ್ಮರ್, ಲೈಟು ಸೇರಿ ದಿನಕ್ಕೆ ಸುಮಾರು 4 ಯೂನಿಟ್. ಚಿಲ್ಲರ್ ದಿನಕ್ಕೆ ಆರು ಗಂಟೆ ಓಡಿದರೆ ಎಲ್ಲ ಸೇರಿ ಆರೂವರೆ ಹತ್ತಿರ. ಬೇಸಿಗೆಯಲ್ಲಿ ಟ್ಯಾಂಕ್ ಒಂದೇ ತಿಂಗಳಿಗೆ 200 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಅದಕ್ಕೆ ಈಗಲೇ ಕೈಮುಗಿದುಬಿಡಿ.

ಕರೆಂಟ್ ಹೋದಾಗ ಮೊದಲು ಕಾಡೋದು ಉಸಿರಿನ ತೊಂದರೆ. ಬಿಸಿ ಆಮೇಲೆ. ನೀರು ನಿಂತರೆ ಆಮ್ಲಜನಕ ಇಳಿಯುತ್ತದೆ. ಮನೆಯ ಯುಪಿಎಸ್‌ಗೆ ಒಂದೇ ಒಂದು ಅಲೆಯ ಪಂಪನ್ನಾದರೂ ಜೋಡಿಸಿ, 15 ವ್ಯಾಟ್ ಅದು, ಅದರ ಮುಖ ಮೇಲ್ಮೈ ಕಡೆ ತಿರುಗಿರಲಿ. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಡ್ರಾಯರಿನಲ್ಲಿ ಇಟ್ಟಿರಿ. ಇಡೀ ಟ್ಯಾಂಕಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್ಚು) ಕಡ್ಡಾಯ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಬೇಕು, ಆಗ ವೈರ್ ಹಿಡಿದು ಇಳಿಯುವ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಬೆಳಕು, ಅಲೆ, ಕಲ್ಲು

ಮೆದು ಹವಳಕ್ಕೆ 50ರಿಂದ 150 ಪಾರ್ (ಹವಳ ಬಳಸಿಕೊಳ್ಳುವ ಬೆಳಕಿನ ಅಳತೆ) ಸಾಕು. ಎರಡೋ ಮೂರೋ ಒಳ್ಳೆ ರೀಫ್ ಎಲ್‌ಇಡಿ, ದಿನಕ್ಕೆ 8ರಿಂದ 9 ಗಂಟೆ. ಶುರುವಿನಲ್ಲಿ ಪೂರ್ತಿ ಏರಿಸದೆ 30 ಪರ್ಸೆಂಟಿನಲ್ಲಿ ಇಡಿ. ಅಲೆಗೆ ಎರಡು ಪಂಪು, ಎರಡೂ ಸೇರಿ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು ಗಂಟೆಗೆ ತಿರುಗಿಸಲಿ, ನೇರವಾಗಿ ಹವಳದ ಮುಖಕ್ಕೆ ಬೇಡ.

ಕಲ್ಲಿಗೆ ಕೃತಕವಾಗಿ ಎರಕ ಹೊಯ್ದ ಒಣ ಕಲ್ಲೇ ತನ್ನಿ. ಲೈವ್ ರಾಕ್ ಅಂತ ಮಾರುವುದು ಸಮುದ್ರದಿಂದ ಕಿತ್ತ ಹವಳದ ಕಲ್ಲಾಗಿರಬಹುದು, ಮತ್ತೆ ಕಾನೂನಿಗೇ ಬಂದೆವು. ಕಲ್ಲನ್ನು ಗೋಡೆಯ ಹಾಗೆ ಒಟ್ಟಬೇಡಿ. ಎರಡು ದ್ವೀಪ, ನಡುವೆ ಖಾಲಿ, ಕೆಳಗೆ ಗುಹೆ. ಮೊದಲು ಕಲ್ಲು, ಆಮೇಲೆ ಮರಳು. ಉಲ್ಟಾ ಮಾಡಿದರೆ ಮರಳು ಅಗೆಯುವ ಮೀನು ಕಲ್ಲು ಬೀಳಿಸುತ್ತದೆ.

ಈಗ ಕಾಯಬೇಕು, ಮೀನಿನ ಕೊಳೆಯಿಂದ ಬರುವ ಅಮೋನಿಯಾ ಅನ್ನೋ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಬೆಳೆಯೋ ತನಕ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತಂದು, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗೋಕೆ 4ರಿಂದ 6 ವಾರ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ 0 ಆದರೆ, ನೈಟ್ರೈಟೂ 0 ಆದರೆ, ಟ್ಯಾಂಕ್ ತಯಾರು. ಇದಕ್ಕೆ ಬದುಕಿರುವ ಮೀನನ್ನು ಬಲಿ ಕೊಡುವ ಹಳೇ ಪದ್ಧತಿ ಈಗಲೂ ಇದೆ, ದಯವಿಟ್ಟು ಬೇಡ. ಆಮೇಲೆ ಕಂದು ಪಾಚಿ ಬರುತ್ತದೆ, ಅದು ಹೋದರೆ ಹಸಿರು. ಮನೆಗೆ ಬಂದವರೆಲ್ಲ "ಇದೇನಾ ಅಷ್ಟು ದುಡ್ಡು ಸುರಿದಿದ್ದು?" ಅನ್ನುವ ಕಾಲ ಅದು. ಕೆಲವು ತಿಂಗಳು ನಡೆಯುತ್ತದೆ. ಪಾಚಿ ತಿನ್ನುವ ಬಸವನಹುಳುಗಳನ್ನು ಟ್ಯಾಂಕಿಗೆ ಬಿಟ್ಟು ಸುಮ್ನಿರಿ.

ಕೊನೆಗೆ ಜೀವಗಳು

ಮೀನನ್ನು ನೇರ ಟ್ಯಾಂಕಿಗೆ ಬಿಡಬೇಡಿ. 80 ಲೀಟರಿನ ಬೇರೆ ಟ್ಯಾಂಕಿನಲ್ಲಿ 4ರಿಂದ 6 ವಾರ ಇಟ್ಟು, ಬಿಳಿಚುಕ್ಕೆ ರೋಗ ಇಲ್ಲ ಅಂತ ಗೊತ್ತಾದ ಮೇಲೆ ಬಿಡಿ. ತಾಮ್ರದ ಔಷಧಿ ಅಲ್ಲೇ ಮುಗಿಯಬೇಕು, ದೊಡ್ಡ ಟ್ಯಾಂಕಿಗೆ ಬರಬಾರದು. ಒಂದು ಜೋಡಿ ಕ್ಲೌನ್ ಮೀನಿನಿಂದ ಶುರು ಮಾಡಿ. ಸಿಎಂಎಫ್‌ಆರ್‌ಐನವರು (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಇದನ್ನು ನಮ್ಮಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ, ಹಾಗೆ ಸಾಕಿ ಬೆಳೆಸಿದ ಮರಿಗಳನ್ನೇ ಕೇಳಿ ತನ್ನಿ. ಮಕ್ಕಳು ಹಠ ಮಾಡುವ ಆ ನೀಲಿ ಟ್ಯಾಂಗ್ 1 ಅಡಿ ಬೆಳೆಯುತ್ತದೆ, 5 ಅಡಿಯ ಟ್ಯಾಂಕ್ ಅದಕ್ಕೆ ಸಾಲದು.

ಹವಳದಲ್ಲಿ ಝೋಆಂಥಿಡ್ ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಿ. ಅದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರಬಹುದು. ಅದು ಹಬ್ಬಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರಲ್ಲಿ ಉಜ್ಜಬೇಡಿ, ಹಬೆಯಲ್ಲಿ ವಿಷ ಸೇರಿ ಮನೆಮಂದಿ ಎಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಮೊದಲ ಹವಳವಾಗಿ ಲೆದರ್ ತನ್ನಿ. ನೀರಿನ ಕ್ಷಾರ 8ರಿಂದ 9 ಡಿಕೆಎಚ್ (ಕ್ಷಾರ ಅಳೆಯುವ ಘಟಕ), ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.1 ಪಿಪಿಎಂ ಒಳಗೆ ಇದ್ದರೆ ಅದು ಆರಾಮ. ತಂದ ಕೆಲವೇ ದಿನಕ್ಕೆ ಅದು ಮುದುಡಿಕೊಂಡು, ಮೈಮೇಲೆ ಮೇಣ ಬಳಿದ ಹಾಗೆ ಮಂಕಾಗಿ, ಸತ್ತೇ ಹೋಯಿತು ಅನ್ನಿಸುವಂತೆ ಕೂರುತ್ತದೆ. ನಾನು ಮೊದಲ ಸಲ ಕಿತ್ತು ಎಸೆಯೋಕೆ ಕೈ ಹಾಕಿದ್ದೆ. ಅದು ಪೊರೆ ಬಿಡುತ್ತಿರುತ್ತದೆ ಅಷ್ಟೇ, ಹಾವಿನ ಹಾಗೆ. ಒಂದು ವಾರ, ಕೆಲವೊಮ್ಮೆ ಎರಡು ವಾರ. ಅಲೆಯ ಪಂಪನ್ನು ಸ್ವಲ್ಪ ಅದರ ಕಡೆ ತಿರುಗಿಸಿ, ಪೊರೆ ಕಿತ್ತುಹೋಗೋಕೆ ಸಹಾಯ ಆಗುತ್ತದೆ. ಬೆರಳಿನಿಂದ ಕೀಳಬೇಡಿ.